ವಾರ್ಡ್ ಜಾಸ್ತಿ ಆದರೆ ಖರ್ಚೂ ಜಾಸ್ತಿ ಆಗುತ್ತಾ? ತಲೆ ಎಣಿಸಬೇಕೋ, ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಬೇಕೋ?

ಫುಟ್‌ಪಾತ್ ಪಾದಚಾರಿ:
ನಿನ್ನೆ ಸಂಜೆ ವಾಕಿಂಗ್ ಹೋದಾಗ ಶುರುವಾದ ವಾದ, ಇನ್ನೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. 2010ರಿಂದ ಬೆಂಗಳೂರಲ್ಲಿ 198 ವಾರ್ಡ್ ಇದ್ದವು. 2022ರಲ್ಲಿ 243 ಅಂದರು, ಮರುವರ್ಷ 225 ಅಂದರು, ಈಗ ಐದು ಪಾಲಿಕೆ ಮಾಡಿ ಎಲ್ಲ ಸೇರಿಸಿದರೆ ಮುನ್ನೂರ ಅರವತ್ತು ಚಿಲ್ಲರೆ. ಜೊತೆಗೆ ನಡೆಯುತ್ತಿದ್ದ ಸ್ನೇಹಿತರು ಹೇಳಿದ್ದು ಇಷ್ಟೇ: "ಕಾರ್ಪೊರೇಟರ್‌ಗಳು ಡಬಲ್ ಆದರೆ ಖರ್ಚೂ ಡಬಲ್, ಬರೆದಿಟ್ಕೊಳ್ಳಿ."

ನನಗೆ ಅದು ಅಷ್ಟು ಸಲೀಸು ಅನ್ನಿಸಲಿಲ್ಲ. ಆದರೆ ಅವರು ಮಾತಾಡುವಾಗ ನಾವಿಬ್ಬರೂ ಕಿತ್ತುಹಾಕಿದ ಚಪ್ಪಡಿ ಕಲ್ಲು ದಾಟುತ್ತಿದ್ದೆವು. ಈ ಫುಟ್‌ಪಾತ್ ನಾನು ನೋಡಿದ ಹಾಗೆ ಮೂರನೇ ಸಲ ಎದ್ದಿದೆ. ಮೊದಲು ಸಿಮೆಂಟ್ ಟೈಲ್ಸ್ ಇತ್ತು, ಆಮೇಲೆ ಹಸಿರು ಕೆಂಪು ಇಂಟರ್‌ಲಾಕ್ ಬಂತು, ಈಗ ಗ್ರಾನೈಟ್. ಮಧ್ಯದ್ದು ಚೆನ್ನಾಗೇ ಇತ್ತು. ಯಾವ ರಸ್ತೆ, ಯಾರು ಮಾಡಿಸಿದ್ದು ಅಂತ ಕೇಳಬೇಡಿ, ಅದಲ್ಲ ವಿಷಯ. ನನ್ನ ಪ್ರಶ್ನೆ: ಸದನ ಹೇಗೆ ಕಟ್ಟಿದ್ದಾರೆ, ಎಷ್ಟು ಜನ ಇದ್ದಾರೆ, ಒಂದು ಮನೆಯೋ ಎರಡು ಮನೆಯೋ, ಸಮಿತಿ ಇದೆಯೋ ಇಲ್ಲವೋ, ಇದರಿಂದ ಸರ್ಕಾರದ ಖರ್ಚು ನಿಜವಾಗಿಯೂ ಏರುಪೇರು ಆಗುತ್ತಾ? ಗೊತ್ತಿರುವವರು ಹೇಳಿ. ಪಕ್ಷದ ಜಗಳ ಬೇಡ ಪ್ಲೀಸ್.

ಬೈಟೂ ಕಾಫಿ:
ಪಕ್ಷದ ಜಗಳ ಬೇಡ ಅಂದರೆ ಇಲ್ಲಿ ನಾಲ್ಕು ಜನ ಉಳಿಯಬಹುದು ಸರ್. ನಾನೊಬ್ಬ.

ಲೆಕ್ಕದ ಮೇಷ್ಟ್ರು:
ನಿಮ್ಮ ಸ್ನೇಹಿತರ ಮಾತಿಗೆ ಒಂದು ಹೆಸರೇ ಇದೆ. ಅರ್ಥಶಾಸ್ತ್ರದಲ್ಲಿ ಅದನ್ನ 'ಎನ್‌ನಲ್ಲಿ ಒಂದು ಪಾಲಿನ ನಿಯಮ' ಅಂತಾರೆ, ಎನ್ ಅಂದರೆ ಕ್ಷೇತ್ರಗಳ ಸಂಖ್ಯೆ. 1981ರಲ್ಲಿ ವೈನ್‌ಗಾಸ್ಟ್, ಶೆಪ್ಸ್ಲೆ, ಜಾನ್ಸೆನ್ ಅನ್ನೋ ಮೂವರು ಅಮೆರಿಕದಲ್ಲಿ ಬರೆದದ್ದು. ತಿರುಳು ಬಹಳ ಸುಲಭ. ಕೆಲಸದ ಲಾಭ ನನ್ನ ಕ್ಷೇತ್ರಕ್ಕೆ, ಅದರ ತೆರಿಗೆ ಎಲ್ಲ ಕ್ಷೇತ್ರದವರ ಮೇಲೆ. ಹಾಗಾಗಿ ನನಗೆ ಆ ಕೆಲಸ ಅಗ್ಗವಾಗಿ ಕಾಣುತ್ತೆ. ಕ್ಷೇತ್ರಗಳು ಹೆಚ್ಚಿದಷ್ಟೂ ಇನ್ನೂ ಅಗ್ಗ.

1995ರಲ್ಲಿ ಗಿಲಿಗನ್ ಮತ್ತು ಮತ್ಸುಸಾಕ ಅಮೆರಿಕದ ರಾಜ್ಯಗಳ ಲೆಕ್ಕ ತೆಗೆದು ನೋಡಿದರು. ಸದಸ್ಯರು ಹೆಚ್ಚಿದ್ದಲ್ಲಿ ಖರ್ಚೂ ಜಾಸ್ತಿ ಇತ್ತು, ಅದೂ ಮುಖ್ಯವಾಗಿ ಮೇಲ್ಮನೆಯ ಸೀಟು ಹೆಚ್ಚಿದ್ದಲ್ಲಿ. ಇಲ್ಲಿಗೆ ಫುಟ್‌ಪಾತ್ ಅವರ ಸ್ನೇಹಿತರು ಗೆದ್ದರು ಅಂತ ಅಂದ್ಕೋಬೇಡಿ, ಕಥೆ ಇನ್ನೂ ಇದೆ. ಸಂಜೆ ಬರೆಯುತ್ತೇನೆ, ಮೊಮ್ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಬಿಡಬೇಕು.

ಡಿ ಬ್ಲಾಕ್ ಖಜಾಂಚಿ:
ಮೇಷ್ಟ್ರೇ, ಈ ನಿಯಮ ನಾನು ಓದಿಲ್ಲ, ಆದರೆ ಅನುಭವಿಸಿದ್ದೇನೆ. ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ.

ನಾಲ್ಕು ಬ್ಲಾಕ್, 112 ಮನೆ. ಮೊದಲು ಸಮಿತಿಯಲ್ಲಿ ಐದೇ ಜನ. ಯಾರಿಗೂ ಪ್ರಾತಿನಿಧ್ಯ ಇಲ್ಲ ಅಂತ ಗಲಾಟೆ ಆಗಿ ಒಂದೊಂದು ಮೆಟ್ಟಿಲಿಗೆ ಒಬ್ಬರ ಹಾಗೆ 13 ಜನ ಮಾಡಿದೆವು. ನಾನೇ ಜೋರಾಗಿ ಬೆಂಬಲಿಸಿದ್ದು, ಒಪ್ಪಿಕೊಳ್ಳುತ್ತೇನೆ. ಮೊದಲ ಸಭೆಯಲ್ಲೇ ಎ ಬ್ಲಾಕ್‌ನವರು ತಮ್ಮ ಲಿಫ್ಟ್ ಮುಂದೆ ಗ್ರಾನೈಟ್ ಕೇಳಿದರು. ಸಿ ಬ್ಲಾಕ್‌ನವರಿಗೆ ಬೋರ್‌ವೆಲ್ ಮೋಟರ್ ಬದಲಾಯಿಸಬೇಕಿತ್ತು. ಅದು ನ್ಯಾಯವೇ. ಬಿ ಬ್ಲಾಕ್‌ನವರಿಗೆ ಏನೂ ಕೆಟ್ಟಿರಲಿಲ್ಲ, ಆದರೂ ಪಾರ್ಕಿಂಗ್‌ಗೆ ಪೇಂಟ್ ಬೇಕು ಅಂದರು. ಯಾಕೆ ಅಂದರೆ "ಎಲ್ಲರೂ ತಗೊಳ್ತಿದ್ದಾರೆ, ನಾವು ಸುಮ್ನೆ ಕೂತರೆ ನಮ್ಮ ಮೆಟ್ಟಿಲಿನವರು ಬೈತಾರೆ." ಲೆಕ್ಕ ಹಾಕಿ ನೋಡಿ: ಸಮಿತಿ ಐದು ಜನದ್ದಾಗಿದ್ದಾಗ ಸಾವಿರ ರೂಪಾಯಿ ಗ್ರಾನೈಟ್‌ನಲ್ಲಿ ಒಬ್ಬೊಬ್ಬರ ಕಡೆಯವರ ಪಾಲು 200. ಹದಿಮೂರು ಆದ ಮೇಲೆ 77. 77 ರೂಪಾಯಿಗೆ ಸಾವಿರದ ಕಲ್ಲು ಸಿಗುತ್ತೆ ಅಂದರೆ ಯಾರು ಬೇಡ ಅಂತಾರೆ? ಜಗಳ ಒಂದೂ ಆಗಲಿಲ್ಲ, ಅದೇ ಆಶ್ಚರ್ಯ. ನಿಮ್ಮದಕ್ಕೆ ನಾನು ಕೈ ಎತ್ತುತ್ತೇನೆ, ನನ್ನದಕ್ಕೆ ನೀವು ಎತ್ತಿ. ಅಷ್ಟು ಪ್ರೀತಿಯ ಸಭೆಗಳನ್ನ ನಾನು ಆಮೇಲೆ ನೋಡೇ ಇಲ್ಲ. ಒಂದೂವರೆ ವರ್ಷಕ್ಕೆ ಕಾರ್ಪಸ್‌ನಲ್ಲಿದ್ದ, ಅಂದರೆ ಸಂಘ ಕೂಡಿಟ್ಟ ನಿಧಿಯಲ್ಲಿದ್ದ, 18 ಲಕ್ಷ 7 ಲಕ್ಷಕ್ಕೆ ಬಂತು.

ಈಗ ಸರಿಹೋಗಿದೆ. ಹೇಗೆ ಅಂತ ಆಮೇಲೆ ಹೇಳುತ್ತೇನೆ. ಆದರೆ ಸಮಿತಿ ಸಣ್ಣದು ಮಾಡಲಿಲ್ಲ, ಈಗಲೂ 13 ಜನವೇ ಇದ್ದೇವೆ.

ಹುಬ್ಬಳ್ಳಿ ಹುಡುಗ:
ಇದ್ಯಾಕೋ ಸರಿ ಬರವಲ್ದು ನನಗ. ಜನ ಜಾಸ್ತಿ ಇದ್ದರ ಕದಿಯೋದು ಜಾಸ್ತಿ ಅಂತ ಮೊದಲೇ ತೀರ್ಮಾನ ಮಾಡಿ ಮಾತಾಡಲಿಕ್ಕೆ ಹತ್ತೀರಿ. ಒಬ್ಬ ಕಾರ್ಪೊರೇಟರ್ ಕೈಯಾಗ ನಲವತ್ತು ಸಾವಿರ ಮಂದಿ ಇದ್ದರ ಅವನನ್ನ ಹಿಡಿದು ಕೇಳಬಹುದು. ಒಂದು ಲಕ್ಷ ಇದ್ದರ ಮುಖಾನೂ ಕಾಣಂಗಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನಾಗ ಬೋರ್‌ವೆಲ್ ಮೋಟರ್ ಕೆಟ್ಟಿತ್ತು ಅಂದ್ರಿ. ಐದು ಜನ ಇದ್ದಾಗ ಅದನ್ನ ಯಾರು ಕೇಳ್ತಿದ್ದರು ಮೇಡಂ?

ಡಿ ಬ್ಲಾಕ್ ಖಜಾಂಚಿ:
ಯಾರೂ ಕೇಳುತ್ತಿರಲಿಲ್ಲ. ಒಳ್ಳೇ ಏಟು ಕೊಟ್ಟಿರಿ. ಸಿ ಬ್ಲಾಕ್‌ನವರು ಎಂಟು ತಿಂಗಳು ಟ್ಯಾಂಕರ್ ತರಿಸಿದ್ದರು.

ಲೆಕ್ಕದ ಮೇಷ್ಟ್ರು:
ಬಂದೆ. ಹುಬ್ಬಳ್ಳಿಯವರ ಮಾತಿಗೆ ಪುರಾವೆ ಇದೆ, ಅದೇ ನಾನು ಹೇಳಬೇಕಿದ್ದ ಕಥೆ.

ಸ್ವೀಡನ್ ಮತ್ತು ಫಿನ್ಲೆಂಡ್‌ನಲ್ಲಿ ಪುರಸಭೆ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಕಾನೂನೇ ಹೇಳುತ್ತೆ. ಮತದಾರರೋ ಜನಸಂಖ್ಯೆಯೋ ಇಷ್ಟು ದಾಟಿದರೆ ಸದಸ್ಯರು ಕನಿಷ್ಠ ಇಷ್ಟು. ಅಂದರೆ ಗೆರೆಯ ಈಚೆ ಒಂದೂರು, ಆಚೆ ಒಂದೂರು, ಮಿಕ್ಕಿದ್ದೆಲ್ಲ ಹೆಚ್ಚು ಕಮ್ಮಿ ಒಂದೇ. ಹೋಲಿಸಿ ನೋಡೋಕೆ ಹೇಳಿ ಮಾಡಿಸಿದ ಹಾಗಿದೆ. ಪೆಟರ್ಸನ್-ಲಿಡ್‌ಬೊಮ್ ಅನ್ನೋರು ಇದನ್ನ ಹಿಡಿದು ನೋಡಿದರು, 2012ರಲ್ಲಿ ಪ್ರಕಟವಾಯಿತು. ಸದಸ್ಯರು ಹೆಚ್ಚಾದ ಕಡೆ ಖರ್ಚು ಕಡಿಮೆ ಆಗಿತ್ತು! ಹೆಚ್ಚು ಕಣ್ಣು ಇದ್ದರೆ ಅಧಿಕಾರಿಗಳ ಮೇಲೆ ಹಿಡಿತ ಜಾಸ್ತಿ ಅನ್ನೋದು ಅವರು ಕೊಟ್ಟ ಕಾರಣ. ಅದೇ ಥರದ ಗೆರೆ ಜರ್ಮನಿಯ ಬವೇರಿಯದಲ್ಲೂ ಇದೆ. ಅಲ್ಲಿ ನೋಡಿದವರಿಗೆ ಸಿಕ್ಕಿದ್ದು ಉಲ್ಟಾ: ಸದಸ್ಯರು ಜಾಸ್ತಿ, ಖರ್ಚೂ ಜಾಸ್ತಿ.

ಹಾಗಾಗಿ ತಲೆ ಎಣಿಸಿದರೆ ಉತ್ತರ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ತಲೆಗಳು ಖರ್ಚನ್ನ ಕೇಳೋಕೆ ಕೂತಿವೆಯೋ, ಕಾಯೋಕೆ ಕೂತಿವೆಯೋ, ಅದು ಮುಖ್ಯ.

ಕಡತ ವಿಲೇವಾರಿ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬಜೆಟ್ ಪುಸ್ತಕಗಳ ಜೊತೆ ಮೂವತ್ತು ವರ್ಷ ಕಳೆದವನು, ನಿವೃತ್ತ. ಅಮೆರಿಕದ ಲೆಕ್ಕ ನಮಗೆ ನೇರವಾಗಿ ಹೊಂದಲ್ಲ ಸ್ವಾಮಿ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಅಲ್ಲಿ ಸದಸ್ಯನೇ ಖರ್ಚು ಸೇರಿಸಬಹುದು. ನಮ್ಮಲ್ಲಿ ಆಗಲ್ಲ. ಸಂವಿಧಾನದ 203ನೇ ವಿಧಿ ನೋಡಿ. ರಾಜ್ಯಪಾಲರ ಶಿಫಾರಸು ಇಲ್ಲದೆ ಅನುದಾನದ ಬೇಡಿಕೆಯೇ (ಇಲಾಖೆಗೆ ಇಷ್ಟು ದುಡ್ಡು ಬೇಕು ಅಂತ ಸದನವನ್ನ ಕೇಳೋದು) ಮಂಡನೆ ಆಗುವಂತಿಲ್ಲ, ಅಂದರೆ ಸರ್ಕಾರವೇ ತರಬೇಕು. ವಿಧಾನಸಭೆ ಅದನ್ನ ಒಪ್ಪಬಹುದು, ಬೇಡ ಅನ್ನಬಹುದು, ಕಡಿಮೆ ಮಾಡಬಹುದು. ಹೆಚ್ಚಿಸೋ ಹಾಗಿಲ್ಲ, ಒಂದು ರೂಪಾಯಿ ಕೂಡ. ಇದು ಬ್ರಿಟಿಷರಿಂದ ಬಂದ ಕಟ್ಟಳೆ. ಅವರ ಕೆಳಮನೆ 1713ರಲ್ಲೇ ರಾಜನ ಕಡೆಯಿಂದ ಬಂದ ಹೊರತು ಖರ್ಚಿನ ಅರ್ಜಿ ನೋಡಲ್ಲ ಅಂತ ಶಾಶ್ವತ ನಿಯಮ ಮಾಡಿಕೊಂಡಿತು. ಇನ್ನು ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಇಂಥವು ಮತಕ್ಕೇ ಬರಲ್ಲ, 'ಪ್ರಭೃತ ವೆಚ್ಚ' ಅಂತ ಬೇರೆ ಅಂಕಣದಲ್ಲಿ ಕೂತಿರುತ್ತವೆ.

ಕಡಿಮೆ ಮಾಡೋಕೆ ದಾರಿ ಇದೆ. ಕಡಿತದ ಸೂಚನೆ. ನೀತಿಯನ್ನೇ ಒಪ್ಪಲ್ಲ ಅಂದರೆ ಬೇಡಿಕೆಯನ್ನ ಒಂದು ರೂಪಾಯಿಗೆ ಇಳಿಸಿ ಅನ್ನೋದು, ಸುಮ್ಮನೆ ದೂರು ಹೇಳಬೇಕಾದರೆ ನೂರು ರೂಪಾಯಿ ಕಡಿಯಿರಿ ಅನ್ನೋದು. ಕೇಳೋಕೆ ಚೆಂದ. ಆದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸೀಟಿಗೇ ಸಂಚಕಾರ. ಹಾಗಾಗಿ ಮತದಾನದ ಹೊತ್ತಿಗೆ ವಿಧಾನಸಭೆಯ 224 ತಲೆಗಳು 224 ಅಲ್ಲ, ಪಕ್ಷಕ್ಕೊಂದರ ಹಾಗೆ ಎರಡೋ ಮೂರೋ. ಲಂಡನ್ನಿನ ಕೆಳಮನೆ ಕೊನೆಯ ಸಲ ಒಂದು ಖರ್ಚಿನ ಬೇಡಿಕೆ ತಿರಸ್ಕರಿಸಿದ್ದು 1919ರಲ್ಲಿ, ಅದೂ ಲಾರ್ಡ್ ಚಾನ್ಸಲರ್ ಅವರ ಎರಡನೇ ಬಚ್ಚಲುಮನೆಯ ಖರ್ಚು. ತಮಾಷೆ ಅಲ್ಲ, ನಿಜ.

ಬೈಟೂ ಕಾಫಿ:
ನೂರು ವರ್ಷದಲ್ಲಿ ಒಂದು ಬಚ್ಚಲುಮನೆ ಉಳಿಸಿದ್ದಾರೆ. ಪ್ರಜಾಪ್ರಭುತ್ವಕ್ಕೆ ಜಯವಾಗಲಿ 😂

ಫುಟ್‌ಪಾತ್ ಪಾದಚಾರಿ:
ಕಡತದವರೇ, ಹಾಗಾದರೆ ನಮ್ಮ ಶಾಸಕರಿಗೆ ಖರ್ಚಿನ ಮೇಲೆ ಅಧಿಕಾರವೇ ಇಲ್ಲ ಅಂತಾಯ್ತು. ಮತ್ತೆ ಪ್ರತಿ ಅಧಿವೇಶನದಲ್ಲಿ "ನನ್ನ ಕ್ಷೇತ್ರಕ್ಕೆ ಅನುದಾನ ಬಂದಿಲ್ಲ" ಅಂತ ಬಾವಿಗಿಳಿಯೋದು ಯಾಕೆ? ಆ 2 ಕೋಟಿ ಶಾಸಕರ ನಿಧಿ ಇದೆಯಲ್ಲ, ಅದು ಖರ್ಚು ಹೆಚ್ಚಿಸಲ್ವಾ?

ಕಡತ ವಿಲೇವಾರಿ:
ಮುಂದಿನ ಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲಿಗೆ ಬರುತ್ತಾರೆ, ಅಷ್ಟೇ. ಸದನದಲ್ಲಿ ಅಂಕಿ ಬದಲಿಸೋಕೆ ಆಗಲ್ಲ. ಅದಕ್ಕೇ ಬಜೆಟ್ ಬರೆಯೋ ಮೊದಲೇ ಪತ್ರ ಹಿಡಿದು ಓಡಾಟ. ಆಮೇಲೆ ವಿಶೇಷ ಅನುದಾನ, ನಿಗಮ ಮಂಡಳಿ ಅಧ್ಯಕ್ಷಗಿರಿ, ವರ್ಷದ ಮಧ್ಯೆ ಹೆಚ್ಚುವರಿ ದುಡ್ಡಿಗೆ ಪೂರಕ ಅಂದಾಜು. ಜನವರಿ ತಿಂಗಳಲ್ಲಿ ನಮ್ಮ ಕಾರಿಡಾರ್‌ನಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಕೈಯಲ್ಲಿ ಒಂದು ಲಕೋಟೆ, ಒಳಗೆ ಲೆಟರ್‌ಹೆಡ್, ಅದರ ಮೂಲೆಯಲ್ಲಿ ಹಸಿರು ಇಂಕಿನಲ್ಲಿ 'ಪರಿಶೀಲಿಸಿ ಮಂಡಿಸಿ'. ಪರಿಶೀಲಿಸಿ ಅಂದರೆ ಇಲ್ಲ ಅಂತ ಅರ್ಥ. ಕೆಳಗೆ ಎರಡು ಗೆರೆ ಎಳೆದಿದ್ದರೆ ಮಾತ್ರ ಬೇರೆ.

2 ಕೋಟಿ ವಿಷಯ. ವಿಧಾನಸಭೆ 224, ಪರಿಷತ್ತು 75, ಒಟ್ಟು 299. ತಲಾ 2 ಕೋಟಿ ಅಂದರೆ 598 ಕೋಟಿ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ನೂರು ರೂಪಾಯಿಗೆ 15 ಪೈಸೆಯೂ ಬರಲ್ಲ. ಗದ್ದಲ ಎಲ್ಲ ಆ 15 ಪೈಸೆ ಮೇಲೆ. ಗ್ಯಾರಂಟಿ ಯೋಜನೆಗಳಿಗೆ ಅದೇ ವರ್ಷ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಅದನ್ನ ತೀರ್ಮಾನಿಸಿದ್ದು 224 ಜನ ಕೂತು ಅಲ್ಲ, ಪಕ್ಷ ಚುನಾವಣೆಗೆ ಮೊದಲೇ. ಸರಿಯೋ ತಪ್ಪೋ ಬಿಡಿ, ತೀರ್ಮಾನ ಎಲ್ಲಿ ಆಗುತ್ತೆ ಅಂತ ಹೇಳಿದೆ.

ಹುಬ್ಬಳ್ಳಿ ಹುಡುಗ:
ಗ್ಯಾರಂಟಿ ತಂದ್ರಿ, ಇನ್ನ ಮುಗೀತು ಚರ್ಚೆ.

ಫುಟ್‌ಪಾತ್ ಪಾದಚಾರಿ:
ಇಲ್ಲ ಇಲ್ಲ, ಅಲ್ಲಿಗೇ ನಿಲ್ಲಿಸಿ. ಆ ವಿಷಯಕ್ಕೆ ಬೇರೆ ಎಳೆ ಶುರು ಮಾಡಿ.

ವಾರ್ಡ್ ಅಕ್ಕ:
ಪರಿಷತ್ತಿನ ಮಾತು ಬಂತಲ್ಲ, ಒಂದು ಅನುಮಾನ. ಎರಡು ಮನೆ ಇದ್ದರೆ ಖರ್ಚಿಗೆ ಬ್ರೇಕ್ ಬೀಳುತ್ತೆ ಅಂತ ಎಲ್ಲೋ ಓದಿದ್ದೆ. ಒಂದು ಮನೆಯಲ್ಲಿ ಪಾಸ್ ಆದದ್ದು ಇನ್ನೊಂದರಲ್ಲಿ ನಿಲ್ಲಬೇಕು, ಇಬ್ಬರನ್ನೂ ಒಪ್ಪಿಸೋದು ಕಷ್ಟ, ಹಾಗಾಗಿ ಖರ್ಚು ಕಡಿಮೆ. ನಮ್ಮಲ್ಲಿ ಹಾಗೆ ಆಗುತ್ತಾ? ಇಲ್ಲ 'ಚಿಂತಕರ ಚಾವಡಿ' ಅನ್ನೋದು ಬರೀ ಹೆಸರಾ?

ಲೆಕ್ಕದ ಮೇಷ್ಟ್ರು:
ಹಾಗೆ ಬರೆದವರು ಬ್ರಾಡ್‌ಬರಿ ಮತ್ತು ಕ್ರೇನ್, 2001ರಲ್ಲಿ, ಹಲವು ದೇಶಗಳನ್ನ ಹೋಲಿಸಿ. ಸದಸ್ಯರ ಸಂಖ್ಯೆ ಖರ್ಚನ್ನ ಎಳೆಯುತ್ತೆ, ಆದರೆ ಎರಡನೇ ಮನೆ ಇದ್ದರೆ ಆ ಎಳೆತ ಸಡಿಲ ಆಗುತ್ತೆ ಅಂತ. ಅದಕ್ಕೆ ಒಂದು ಷರತ್ತು ನಾನು ಸೇರಿಸುತ್ತೇನೆ: ಎರಡನೇ ಮನೆಗೆ ಹಲ್ಲು ಇರಬೇಕು. ನಮ್ಮ ಪರಿಷತ್ತಿಗೆ ಹಣದ ವಿಷಯದಲ್ಲಿ ಹಲ್ಲಿಲ್ಲ. ಹಣಕಾಸು ಮಸೂದೆ ಹೋದರೆ 14 ದಿನ ಇಟ್ಟುಕೊಳ್ಳಬಹುದು, ಸಲಹೆ ಕೊಡಬಹುದು, ಆ ಸಲಹೆಯನ್ನ ಕೆಳಮನೆ ಕಸದ ಬುಟ್ಟಿಗೆ ಹಾಕಬಹುದು. ಅನುದಾನಕ್ಕೆ ಅಲ್ಲಿ ಮತವೇ ಇಲ್ಲ.

ಬೇರೆ ಮಸೂದೆಗೆ ಮಾತ್ರ ಸ್ವಲ್ಪ ಬಿಸಿ ಮುಟ್ಟಿಸಬಹುದು. 2024ರ ಫೆಬ್ರುವರಿಯಲ್ಲಿ ದೇವಸ್ಥಾನಗಳ ಆದಾಯದ ಪಾಲಿನ ತಿದ್ದುಪಡಿ ಪರಿಷತ್ತಿನಲ್ಲಿ ಬಿದ್ದುಹೋಯಿತು, ನೆನಪಿದೆಯಾ? ವಾರದೊಳಗೆ ಮತ್ತೆ ತಂದು ಪಾಸ್ ಮಾಡಿಸಿದರು. ಸರ್ಕಾರಕ್ಕೆ ಒಂದು ವಾರದ ಮುಜುಗರ, ಅಷ್ಟೇ.

ಕಡತ ವಿಲೇವಾರಿ:
ಆಂಧ್ರದವರು 1985ರಲ್ಲಿ ಪರಿಷತ್ತು ತೆಗೆದರು, 2007ರಲ್ಲಿ ವಾಪಸ್ ತಂದರು, 2020ರಲ್ಲಿ ಮತ್ತೆ ತೆಗೆಯೋಣ ಅಂದರು, 2021ರಲ್ಲಿ ಬೇಡ ಇರಲಿ ಅಂದರು. ತಮಿಳುನಾಡು 1986ರಲ್ಲಿ ತೆಗೆದದ್ದು ಹಾಗೇ ಇದೆ. ಖರ್ಚಿನ ಲೆಕ್ಕ ನೋಡಿ ತೆಗೆದದ್ದೂ ಅಲ್ಲ, ತಂದದ್ದೂ ಅಲ್ಲ. ಸೀಟು ಸಿಗದವರಿಗೆ ಕೂರೋಕೆ ಕುರ್ಚಿ ಬೇಕು, ಅದೇ ನಿಜವಾದ ವಿಷಯ. ಇದು ನನ್ನ ಸ್ವಂತ ಅಭಿಪ್ರಾಯ.

ಕುರ್ಚಿ ಅಂದಾಗ ಮಂತ್ರಿಗಿರಿ ನೆನಪಾಯಿತು. 1997ರಲ್ಲಿ ಉತ್ತರ ಪ್ರದೇಶದಲ್ಲಿ 93 ಮಂತ್ರಿಗಳಿದ್ದರು. 2003ರಲ್ಲಿ 91ನೇ ತಿದ್ದುಪಡಿ ಬಂದು ಸಭೆಯ ಶೇ 15ಕ್ಕಿಂತ ಜಾಸ್ತಿ ಇರಬಾರದು ಅಂತಾಯಿತು. ನಮ್ಮಲ್ಲಿ ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34. ಎನ್‌ನಲ್ಲಿ ಒಂದು ಪಾಲು ಅಂದಿರಲ್ಲ ಮೇಷ್ಟ್ರೇ, ನಮ್ಮ ಪದ್ಧತಿಯಲ್ಲಿ ಆ ಎನ್ ಅಂದರೆ 224 ಅಲ್ಲ, ಈ 34. ಯಾಕೆಂದರೆ ಬೇಡಿಕೆ ಬರೆಯೋ ಪೆನ್ನು ಇರೋದು ಅವರ ಇಲಾಖೆಗಳಲ್ಲಿ.

ಲೆಕ್ಕದ ಮೇಷ್ಟ್ರು:
ಶಭಾಷ್. ಸ್ವಿಟ್ಜರ್ಲೆಂಡಿನ ಕ್ಯಾಂಟನ್‌ಗಳಲ್ಲಿ, ಅಂದರೆ ಅಲ್ಲಿನ ರಾಜ್ಯಗಳಲ್ಲಿ, ಅದನ್ನೇ ನೋಡಿದ್ದಾರೆ. ಸಂಪುಟ ದೊಡ್ಡದಾದರೆ ಖರ್ಚು ಏರುತ್ತೆ.

ಇನ್ನು ಪೆನ್ನಿನ ಕಥೆಗೆ ನನಗೆ ಇಷ್ಟವಾದ ಉದಾಹರಣೆ ಅಮೆರಿಕದ್ದೇ. 1865ರಲ್ಲಿ ಅವರ ಕೆಳಮನೆ ಖರ್ಚಿಗೆಲ್ಲ ಒಂದೇ ಸಮಿತಿ ಮಾಡಿತು. ಅದಕ್ಕೆ ಮುಂದೆ ಅಧ್ಯಕ್ಷರಾದ ಸ್ಯಾಮ್ಯುಯೆಲ್ ರ‍್ಯಾಂಡಲ್ ಮಹಾ ಜಿಪುಣ. ಸದಸ್ಯರಿಗೆ ತಡೆಯಲಾಗಲಿಲ್ಲ. 1877ರಿಂದ 1885ರ ಒಳಗೆ ನದಿ-ಬಂದರು, ಕೃಷಿ, ಸೇನೆ, ನೌಕಾಪಡೆ, ಅಂಚೆ, ಒಂದೊಂದನ್ನೂ ಕಿತ್ತು ಆಯಾ ವಿಷಯದ ಸಮಿತಿಗೆ ಕೊಟ್ಟರು. ಅಂಚೆ ಸಮಿತಿಯಲ್ಲಿ ಯಾರಿರುತ್ತಾರೆ? ಅಂಚೆ ಕಚೇರಿ ಬೇಕಾದವರು. ಒಟ್ಟು ಎಷ್ಟು ಅಂತ ಕೂಡಿಸಿ ನೋಡೋಕೆ ಒಬ್ಬರೂ ಇಲ್ಲ. ಕೊನೆಗೆ ಮೊದಲ ಮಹಾಯುದ್ಧದ ಸಾಲ ತಲೆ ಮೇಲೆ ಬಂದ ಮೇಲೆ 1920ರಲ್ಲಿ ಎಲ್ಲವನ್ನೂ ಮತ್ತೆ ಒಂದೇ ಸಮಿತಿಗೆ ತಂದರು, 1921ರಲ್ಲಿ ಬಜೆಟ್ ಕಾಯ್ದೆ ಮಾಡಿದರು. ಅಷ್ಟು ವರ್ಷ ಕೆಳಮನೆ ಅದೇ ಮನೆ. ಬದಲಾದದ್ದು ದುಡ್ಡಿನ ಡಬ್ಬದ ಬೀಗದ ಕೈ ಎಷ್ಟು ಮಾಡಿಸಿದರು ಅನ್ನೋದು.

ಡಿ ಬ್ಲಾಕ್ ಖಜಾಂಚಿ:
ಅಯ್ಯೋ, ಇದು ನಮ್ಮದೇ ಕಥೆ. ನಮ್ಮಲ್ಲೂ ಲಿಫ್ಟ್ ಉಪಸಮಿತಿ, ಗಾರ್ಡನ್ ಉಪಸಮಿತಿ, ಹಬ್ಬದ ಉಪಸಮಿತಿ ಅಂತ ಮಾಡಿ ಚೆಕ್‌ಗೆ ಸಹಿ ಅವರವರದೇ ಆಗಿತ್ತು. ಗಾರ್ಡನ್‌ನವರು ಹುಲ್ಲಿಗೆ ಹಾಕಿದ ದುಡ್ಡು ನೋಡಿದರೆ ಮೇಯಿಸೋಕೆ ಹಸು ತರಬಹುದಿತ್ತು.

ಸರಿಮಾಡಿದ್ದು ಹೀಗೆ. ಏಪ್ರಿಲ್‌ನ ಮೊದಲ ಸಭೆಯಲ್ಲಿ ಒಂದೇ ವಿಷಯ: ಈ ವರ್ಷ ಒಟ್ಟು ಎಷ್ಟು. ಯಾವ ಬ್ಲಾಕಿಗೆ ಏನು ಅನ್ನೋ ಮಾತೇ ಎತ್ತುವಂತಿಲ್ಲ. ಒಟ್ಟು ಮೊತ್ತಕ್ಕೆ ಕೈ ಎತ್ತಿದ ಮೇಲೆ ಎರಡನೇ ಸಭೆಯಲ್ಲಿ ಹಂಚಿಕೆ. ಈಗ ಎ ಬ್ಲಾಕಿಗೆ ಗ್ರಾನೈಟ್ ಬೇಕಾದರೆ ಯಾರದ್ದಾದರೂ ಕಿತ್ತುಕೊಳ್ಳಬೇಕು. ಪ್ರೀತಿ ಹೋಯಿತು, ಜಗಳ ಬಂತು, ಕಾರ್ಪಸ್ ಮತ್ತೆ 12 ಲಕ್ಷ ಆಯಿತು.

ಕಡತ ವಿಲೇವಾರಿ:
ಮೇಡಂ, ನೀವು ಮಾಡಿದ್ದನ್ನೇ ಕರ್ನಾಟಕ 2002ರಲ್ಲಿ ಮಾಡಿತು, ದೇಶದಲ್ಲೇ ಮೊದಲ ರಾಜ್ಯ. ವಿತ್ತೀಯ ಹೊಣೆಗಾರಿಕೆ ಕಾಯ್ದೆ. ವಿತ್ತೀಯ ಕೊರತೆ (ಆದಾಯಕ್ಕಿಂತ ಹೆಚ್ಚಾಗಿ, ಸಾಲ ತಂದು ಮಾಡೋ ಖರ್ಚು) ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು ಅಂತ ಮೊದಲೇ ಗೆರೆ. ಹಂಚಿಕೆ ಅದರೊಳಗೆ.

ವಾರ್ಡ್ ಅಕ್ಕ:
ಎಲ್ಲ ಸರಿ, ಆದರೆ ಒಟ್ಟು ಮೊತ್ತಕ್ಕೆ ಬೀಗ ಹಾಕಿದ ಮಾತ್ರಕ್ಕೆ ಒಳಗೆ ಇಟ್ಟದ್ದು ಸರಿಯಾಗಿ ಖರ್ಚಾಗುತ್ತೆ ಅಂತ ಇಲ್ಲವಲ್ಲ? ಫುಟ್‌ಪಾತ್ ಅವರ ಮೂರು ಸಲದ ಕಲ್ಲು ಒಟ್ಟು ಮೊತ್ತದ ತೊಂದರೆ ಅಲ್ಲ. ಅದನ್ನ ಮಾಡುವ ಮೊದಲು ಯಾರೂ ಸಾಲು ಸಾಲಾಗಿ ಓದಲಿಲ್ಲ, ಅದು ತೊಂದರೆ.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿನ ಬಜೆಟ್‌ಗೆ ಚುನಾಯಿತ ಸದಸ್ಯ ಒಬ್ಬರೂ ಇರಲಿಲ್ಲ, ಆಡಳಿತಾಧಿಕಾರಿ ಒಪ್ಪಿದರೆ ಆಯಿತು. ನಿಮ್ಮ ನಿಯಮದ ಪ್ರಕಾರ ಎನ್ ಸೊನ್ನೆ. ಖರ್ಚು ಕೆಳಗೆ ಬಿದ್ದು ಊರು ಉದ್ಧಾರ ಆಗಬೇಕಿತ್ತು. ಆಯ್ತಾ? ಹಿಂದೆ ವಾರ್ಡ್ ಸಮಿತಿ ಸಭೆಗೆ ಹೋಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಮೋರಿ ಹೋದ ವರ್ಷದ ಪಟ್ಟಿಯಲ್ಲೂ ಇತ್ತಲ್ಲ? ಕಾಗದ ತಿರುವಿ ನೋಡಿದರು, ಇತ್ತು. ಪಟ್ಟಿಯಿಂದ ತೆಗೆದರು. ಒಂದು ಮೋರಿ. ಕೇಳೋಕೆ ಒಂದು ಕುರ್ಚಿ ಇತ್ತು ಅಂತ ಅದು ಆಯಿತು.

ಲೆಕ್ಕದ ಮೇಷ್ಟ್ರು:
ಇದೇ ಸ್ವೀಡನ್ ಕಥೆ ಅಕ್ಕ. ನಾನು ಎರಡು ಪ್ಯಾರಾದಲ್ಲಿ ಹೇಳಿದ್ದನ್ನ ನೀವು ಒಂದು ಮೋರಿಯಲ್ಲಿ ಹೇಳಿದಿರಿ.

ಕಡತ ವಿಲೇವಾರಿ:
ಓದುವ ವಿಷಯಕ್ಕೆ ಒಂದು ಮಾತು. ಕೇರಳದಲ್ಲಿ 1980ರಿಂದ ವಿಷಯ ಸಮಿತಿಗಳಿವೆ, ಇಲಾಖೆಯ ಬೇಡಿಕೆ ಮತಕ್ಕೆ ಬರೋ ಮೊದಲು ಅಲ್ಲಿಗೆ ಹೋಗುತ್ತೆ. ಸಂಸತ್ತಿನಲ್ಲಿ 1993ರಿಂದ ಸ್ಥಾಯಿ ಸಮಿತಿಗಳಿವೆ, ಈಗ 24. ಬಜೆಟ್ ಅಧಿವೇಶನದ ಮಧ್ಯೆ ಬಿಡುವು ಕೊಡೋದೇ ಅದಕ್ಕೆ. ಆದರೂ 2018ರಲ್ಲಿ, ಮತ್ತೆ 2023ರಲ್ಲಿ, ಲೋಕಸಭೆಯಲ್ಲಿ ಎಲ್ಲ ಇಲಾಖೆಗಳ ಬೇಡಿಕೆಯೂ ಚರ್ಚೆ ಇಲ್ಲದೆ ಗಿಲೊಟಿನ್ ಆಯಿತು, ಅಂದರೆ ಎಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸಿದರು. 2023ರಲ್ಲಿ ಸುಮಾರು 45 ಲಕ್ಷ ಕೋಟಿಯ ಬಜೆಟ್ ಅದು. ಕೆಲವೇ ನಿಮಿಷ.

ನಮ್ಮಲ್ಲಿ ಸದ್ದು ಮಾಡೋದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದು ನೋಡೋದು ದುಡ್ಡು ಹೋದ ಮೇಲೆ. ವರ್ಷಕ್ಕೆ 60 ದಿನ ಅಧಿವೇಶನ ನಡೆಸಬೇಕು ಅಂತ 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡಿದ್ದೇವೆ. ಆ 60 ಪೂರ್ತಿ ಆಗೋದು ಅಪರೂಪ. 29 ಬೇಡಿಕೆಗಳ ಪುಸ್ತಕಗಳು ಗೋಣಿಚೀಲದಷ್ಟು ಭಾರ, ಶಾಸಕರ ಭವನದಲ್ಲಿ ಅದರ ಮೇಲೆ ಟೀ ಲೋಟ ಇಟ್ಟದ್ದನ್ನ ನಾನೇ ನೋಡಿದ್ದೇನೆ.

ಫುಟ್‌ಪಾತ್ ಅವರೇ, ನಿಮಗೆ ಬಿಡುವಿದ್ದರೆ ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಬೇಡಿಕೆ ಸಂಖ್ಯೆ 19 ತೆಗೆಯಿರಿ, ನಗರಾಭಿವೃದ್ಧಿ. ಮೂರು ವರ್ಷದ್ದನ್ನ ಪಕ್ಕಪಕ್ಕ ಇಟ್ಟುಕೊಂಡು ಒಂದೇ ಖರ್ಚಿನ ಶೀರ್ಷಿಕೆ ಹಿಡಿದು ನೋಡಿ. ಎಡಗಡೆ ಲೆಕ್ಕ, ಮಧ್ಯೆ ಪರಿಷ್ಕೃತ ಅಂದಾಜು, ಬಲಗಡೆ ಹೊಸ ಅಂದಾಜು. ಮಧ್ಯದ ಅಂಕಣದಲ್ಲಿ ಕಥೆ ಇರುತ್ತೆ. ಯಾರೂ ಅದನ್ನ ಓದಲ್ಲ.

ಫುಟ್‌ಪಾತ್ ಪಾದಚಾರಿ:
ತೆಗೆದೆ. ನುಡಿ ಫಾಂಟ್ ಇಲ್ಲದೆ ಅರ್ಧ ಪುಟ ಚೌಕ ಚೌಕ ಕಾಣ್ತಿದೆ. ಮಗನನ್ನ ಕೇಳಬೇಕು.

ವಾಕಿಂಗ್ ಸ್ನೇಹಿತರಿಗೆ ಈ ಇಡೀ ಎಳೆ ಕಳಿಸಿದೆ. "ಅಂದರೆ ನಾನು ಹೇಳಿದ್ದು ಸರಿಯೋ ತಪ್ಪೋ?" ಅಂತ ಮೆಸೇಜ್ ಬಂದಿದೆ. ಹೊಸ ಕಾರ್ಪೊರೇಟರ್‌ಗಳಿಗೆ ವಾರ್ಡಿಗೆ ಇಷ್ಟು ಅಂತ ದುಡ್ಡು ಹಂಚಿ ಕೂರಿಸಿದರೆ ನೀವು ಸರಿ, ಮೊದಲು ಒಟ್ಟು ಕಟ್ಟಿ ಆಮೇಲೆ ಪಟ್ಟಿ ಓದೋಕೆ ಕೂರಿಸಿದರೆ ತಪ್ಪು ಅಂತ ಉತ್ತರ ಹಾಕಿದೆ. "ವಕೀಲನ ಥರ ಮಾತಾಡಬೇಡ" ಅಂದರು.

ಹುಬ್ಬಳ್ಳಿ ಹುಡುಗ:
ಖಜಾಂಚಿ ಮೇಡಂ, ಒಂದು ಕೇಳಬೇಕಿತ್ತು. ನಿಮ್ಮ ಏಪ್ರಿಲ್ ನಿಯಮ ಬರವಣಿಗೆಯಾಗ ಐತೇನು, ಇಲ್ಲ ನೀವು ಇರೋದಕ್ಕ ನಡೆಯಾಕತ್ತೈತೋ? ನಾಳೆ ಖಜಾಂಚಿ ಬದಲಾದರ?

ಡಿ ಬ್ಲಾಕ್ ಖಜಾಂಚಿ:
ಬೈಲಾದಲ್ಲಿ ಇನ್ನೂ ಸೇರಿಸಿಲ್ಲ. ಮಹಾಸಭೆಗೆ ಕೋರಂ ಆಗ್ತಾನೇ ಇಲ್ಲ. ನನ್ನ ಅವಧಿ ಮಾರ್ಚ್‌ಗೆ ಮುಗಿಯುತ್ತೆ. ನಿಲ್ಲೋಕೆ ಸದ್ಯಕ್ಕೆ ಒಬ್ಬರೇ ಮುಂದೆ ಬಂದಿದ್ದಾರೆ, ಗಾರ್ಡನ್ ಉಪಸಮಿತಿಯವರು.